ಕಲಬುರಗಿ ಬ್ಯಾಸಗ್ಯಾಗ ಹವಳದ ಟ್ಯಾಂಕಿಗಿ ಯಾವ ಲೈಟ್? ಬೆಳಕಿಗಿಂತ ಮೊದ್ಲು ಶಾಖದ ಲೆಕ್ಕ

ಮನ್ಯಾಗ ಉಪ್ಪುನೀರಿನ ಟ್ಯಾಂಕ್ ಇಟ್ಟು ಅದ್ರಾಗ ಹವಳ ಬೆಳೆಸ್ಬೇಕು ಅನ್ನೋರು ಈಗ ನಮ್ಮ ಕಲಬುರಗಿ, ಬೀದರ ಕಡಿನೂ ಅಲ್ಲೊಬ್ರು ಇಲ್ಲೊಬ್ರು ಸಿಗ್ತಾರ, ಮತ್ತ ಎಲ್ಲಾರೂ ಕೇಳೋ ಮೊದಲ್ನೇ ಪ್ರಶ್ನೆ ಒಂದೇ, ಲೈಟ್ ಯಾವ್ದು ತಗೋಬೇಕ್ರಿ ಅಂತ. ಮೆಟಲ್ ಹ್ಯಾಲೈಡ್ (ಭಾರಿ ಬಿಸಿ ಆಗೋ ದೊಡ್ಡ ಬಲ್ಬ್), ಟಿ5 ಟ್ಯೂಬ್ (ತೆಳ್ಳನ್ನ ಫ್ಲೋರೊಸೆಂಟ್ ಟ್ಯೂಬ್‌ಲೈಟ್), ಎಲ್‌ಇಡಿ, ಇಲ್ಲಾ ಕಿಡಕಿ ಬಿಸಲೇ ಸಾಕಾ? ಯೂಟ್ಯೂಬ್ ತೆರೆದ್ರ ಉತ್ರ ಹೇಳೋರು ರಗಡ್ ಮಂದಿ ಅದಾರ, ಆದ್ರ ಅವ್ರೆಲ್ಲಾ ಅಮೆರಿಕಾ, ಜರ್ಮನಿ, ಇಲ್ಲಾ ದಿನಪೂರ್ತಿ ಎಸಿ ಓಡೋ ಮನ್ಯಾಗ ಕುಂತು ಹೇಳೋರು. ಅವ್ರ ಲೆಕ್ಕದಾಗ ಬೆಳಕು ಬರ್ತದ, ಬಣ್ಣ ಬರ್ತದ, ಹವಳ ಎಷ್ಟು ಬೆಳೀತು ಅನ್ನೋದು ಬರ್ತದ, ಶಾಖದ ಮಾತು ಮಾತ್ರ ಕೊನಿಗಿ ಒಂದು ಸಾಲಾಗ ಮುಗೀತದ. ಮೇ ತಿಂಗಳಾಗ ಹೊರಗ 42, 43 ಡಿಗ್ರಿ, ಆರ್‌ಸಿಸಿ ಛತ್ತಿನ ಕೆಳಗ ರಾತ್ರಿ ಹನ್ನೊಂದಕ್ಕೂ ಗ್ವಾಡಿ ಮುಟ್ಟಿದ್ರ ಬೆಚ್ಚಗ ಇರೋ ನಮ್ಮ ಊರಾಗ ಆ ಲೆಕ್ಕ ಉಲ್ಟಾ ಓದ್ಬೇಕು, ಮೊದ್ಲು ಶಾಖ, ಆಮ್ಯಾಲ ಬೆಳಕು. ಯಾಕಂತ ಲೆಕ್ಕ ಸಮೇತ ಹೇಳ್ತೀನಿ.

ಅದಕ್ಕಿಂತ ಮುಂಚೆ ಒಂದು ಮಾತು ಇತ್ಯರ್ಥ ಆಗ್ಬೇಕು, ಬೆಳೆಸೋದು ಯಾವ ಹವಳ ಅಂತ. ಭಾರತದಾಗ ಗಟ್ಟಿ ಹವಳ, ಅಂದ್ರ ಕಲ್ಲಿನಂಥಾ ಅಸ್ಥಿಪಂಜರ ಕಟ್ಟೋ ಸ್ಕ್ಲೆರಾಕ್ಟಿನಿಯಾ ಗುಂಪಿನ ಎಲ್ಲಾ ಹವಳನೂ, 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ್ನೇ ಶೆಡ್ಯೂಲಿನಾಗ ಅವ. ಹುಲಿಗಿ ಯಾವ ಶೆಡ್ಯೂಲ್ ರಕ್ಷಣೆ ಅದನೋ ಅದೇ ಶೆಡ್ಯೂಲ್. ಕರಿ ಹವಳ, ಸೀ ಫ್ಯಾನ್, ಫೈರ್ ಕೋರಲ್, ಆರ್ಗನ್ ಪೈಪ್ ಕೋರಲ್ ಕೂಡ ಆ ಪಟ್ಟಿಗಿ ಸೇರ್ಯಾವ. ಯೂಟ್ಯೂಬಿನಾಗ ಮಿಂಚೋ ಆಕ್ರೊಪೋರಾ, ಮೊಂಟಿಪೋರಾ, ಟಾರ್ಚ್, ಹ್ಯಾಮರ್ ಎಲ್ಲಾ ಗಟ್ಟಿ ಹವಳದ ಗುಂಪಿನವೇ. ಯಾರರೇ ಕೊರಿಯರ್‌ದಾಗ ಕಳಸ್ತೀನಿ ಅಂದ್ರ ತಗೋಬ್ಯಾಡ್ರಿ, ಮೊದಲ್ನೇ ಶೆಡ್ಯೂಲಿನ ಅಪರಾಧಕ್ಕ 3ರಿಂದ 7 ವರ್ಷ ಜೈಲು ಅದ, ಅದಕ್ಕಿಂತ ಹೆಚ್ಚಾಗಿ ಆ ತುಂಡು ಸಮುದ್ರದಾಗಿನ ಯಾವುದೋ ಹವಳದ ದಿಬ್ಬದಿಂದ ಕಿತ್ತು ತಂದದ್ದು ಇರಬೋದು. ಲಕ್ಷದ್ವೀಪದ ಹವಳ 2024ರ ಬ್ಯಾಸಗ್ಯಾಗ ಸಮುದ್ರದ ನೀರು ಕಾದು ಬಿಳಚಿ ಹೋದದ್ದನ್ನ ಕೇಂದ್ರದ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ ವಿಜ್ಞಾನಿಗಳೇ ಹೇಳ್ಯಾರ, ಅದೇ ವರ್ಷ ಏಪ್ರಿಲ್‌ದಾಗ ಜಗತ್ತಿನ ನಾಲ್ಕನೇ ಬಾರಿಯ ವ್ಯಾಪಕ ಬಿಳಚುವಿಕೆ ಅಂತ ಅಮೆರಿಕಾದ ಸಾಗರ-ಹವಾಮಾನ ಸಂಸ್ಥೆ ನೋವಾ ಘೋಷಣಾ ಮಾಡ್ತು. ಇಂಥಾ ಹೊತ್ತಿನಾಗ ನಮ್ಮ ಶೋಕಿ ಸಲುವಾಗಿ ಇನ್ನೊಂದು ತುಂಡು ಕೀಳಬಾರ್ದು, ಇದ್ರಾಗ ನನ್ನ ಕಡಿಂದ ರಾಜಿ ಇಲ್ಲ.

ಹಂಗಾಗಿ ಇಲ್ಲಿ ನಾನು ಮಾತಾಡೋದು ಮೆತ್ತನ್ನ ಹವಳದ ಬಗ್ಗೆ, ಮಶ್ರೂಮ್, ಝೋವಾಂಥಿಡ್ (ಚಿಕ್ಕದಾಗಿ ಝೋವಾ), ಲೆದರ್, ಕೆನ್ಯಾ ಟ್ರೀ, ಝೀನಿಯಾ ಇಂಥವು, ಅದೂ ಒಬ್ಬರ ಟ್ಯಾಂಕಿನಾಗ ಬೆಳೆದು ತುಂಡಾಗಿ ಇನ್ನೊಬ್ಬರಿಗಿ ಬಂದದ್ದು. ತಗೊಳ್ಳೋ ಮುಂಚೆ ಜಾತಿ ಯಾವ್ದು ಅಂತ ಬರೆಸ್ಕೊಂಡು ಅರಣ್ಯ ಇಲಾಖೆದಾಗ ಒಮ್ಮೆ ಕೇಳಿಕೊಂಡ್ರ ಇನ್ನೂ ಚೊಲೊ. ಇದರಿಂದ ಲೈಟಿನ ಪ್ರಶ್ನೆನೂ ಅರ್ಧ ಹಗುರ ಆಗ್ತದ, ಯಾಕಂದ್ರ ದುಬಾರಿ, ಉರಿ ಉರಿ ಲೈಟೆಲ್ಲಾ ಬೇಕಾಗೋದು ಆ ಗಟ್ಟಿ ಹವಳಕ್ಕ, ಮೆತ್ತನ್ನವು ಅದರ ಅರ್ಧಕ್ಕಿಂತ ಕಡಿಮಿ ಬೆಳಕಿನಾಗೂ ಆರಾಮ ಬೆಳೀತಾವ.

ಹವಳಕ್ಕ ಬೆಳಕು ಯಾಕ ಬೇಕು ಅಂದ್ರ, ಹವಳ ಅನ್ನೋದು ಪ್ರಾಣಿ, ಆದ್ರ ಅದರ ಮಾಂಸದ ಒಳಗ ಕಣ್ಣಿಗಿ ಕಾಣದಷ್ಟು ಸಣ್ಣ ಪಾಚಿ ವಾಸ ಇರ್ತಾವ, ಝೂಝಾಂಥೆಲ್ಲೆ ಅಂತಾರ. ಆ ಪಾಚಿ ಬೆಳಕಿನಿಂದ ಸಕ್ಕರಿ ಮಾಡ್ತಾವ, ಅದ್ರಾಗಿಂದ ದೊಡ್ಡ ಪಾಲು ಹವಳಕ್ಕ ಕೊಡ್ತಾವ. ಪಾಚಿಗಿ ಬೇಕಾಗೋ ಬೆಳಕು 400ರಿಂದ 700 ನ್ಯಾನೊಮೀಟರ್ ಒಳಗಿಂದು, ಅದನ್ನ ಅಳೆಯೋ ಲೆಕ್ಕಕ್ಕ ಪಾರ್ ಅಂತಾರ, ಒಂದು ಚದರ ಮೀಟರ್ ಜಾಗಕ್ಕ ಒಂದು ಸೆಕೆಂಡಿನಾಗ ಎಷ್ಟು ಮೈಕ್ರೊಮೋಲ್ ಬೆಳಕಿನ ಕಣ ಬಿದ್ವು ಅಂತ. ಉಷ್ಣವಲಯದ ನಡುಮಧ್ಯಾಹ್ನದ ಬಿಸಲು ಹತ್ತಿರಹತ್ತಿರ 2000 ಇರ್ತದ. ಮಶ್ರೂಮ್ ಕೋರಲ್‌ಗಿ 50, 60 ಇದ್ರ ನಡೀತದ, ಝೋವಾ, ಲೆದರ್‌ಗಿ 80ರಿಂದ 150, ಆಕ್ರೊಪೋರಾದಂಥಾ ಗಟ್ಟಿ ಹವಳಕ್ಕ 200, 300, ಅದಕ್ಕೂ ಮ್ಯಾಲ. ಇನ್ನ ಬಣ್ಣ: ಸಮುದ್ರದ ನೀರು ಮೊದಲಿನ ಕೆಲವು ಮೀಟರಿನಾಗೇ ಕೆಂಪು ಬೆಳಕು ನುಂಗಿಬಿಡ್ತದ, ಕೆಳಗ ಇಳಿದಷ್ಟು ನೀಲಿನೇ ಉಳೀತದ, ಹವಳದ ಪಾಚಿನೂ ಅದಕ್ಕೇ ಒಗ್ಗಿಕೊಂಡಾವ, 420ರಿಂದ 470 ನ್ಯಾನೊಮೀಟರ್ ನೀಲಿ-ನೇರಳೆ ಬೆಳಕನ್ನ ಭಾಳ ಚೊಲೊ ಹೀರ್ತಾವ. ಹವಳದ ಮೈ ಹಸರು, ಕಿತ್ತಳೆ ಅಂತ ಉರಿಯೋ ಹಂಗ ಕಾಣೋದು ಕೂಡ ನೀಲಿ ಬೆಳಕು ತಗೊಂಡು ಬ್ಯಾರೆ ಬಣ್ಣದಾಗ ವಾಪಸ್ ಬಿಡೋ ಪ್ರೋಟೀನಿನಿಂದ. ಅಂದ್ರ ಟ್ಯಾಂಕ್ ಚೆಂದ ಕಾಣೋದಕ್ಕೂ ಹವಳ ಬದುಕೋದಕ್ಕೂ ನೀಲಿ ಬೇಕು, ಬರೇ ವ್ಯಾಟ್ ನೋಡಿ ಲೈಟ್ ಕೊಂಡ್ರ ಉಪಯೋಗ ಇಲ್ಲ.

ಬಹಳ ಮಂದಿ ಮೊಬೈಲಿನಾಗ ಲಕ್ಸ್ ಮೀಟರ್ ಆಪ್ ಹಾಕ್ಕೊಂಡು ಅಳೀತಾರ. ಲಕ್ಸ್ ಅನ್ನೋದು ಮನುಷ್ಯನ ಕಣ್ಣಿಗಿ ಮಾಡಿದ ಅಳತಿ, ನಮ್ಮ ಕಣ್ಣಿಗಿ ಹಸರು-ಹಳದಿ ಜಾಸ್ತಿ ಕಾಣ್ತದ, ನೀಲಿ ಕಡಿಮಿ. ನೀಲಿ ಎಲ್‌ಇಡಿ ಕೆಳಗ ಲಕ್ಸ್ ಕಡಿಮಿ ತೋರಸ್ತದ, ಆದ್ರ ಹವಳದ ಮ್ಯಾಲ ಬೀಳೋ ಪಾರ್ ರಗಡ್ ಇರ್ತದ, ಅಷ್ಟು ನಂಬಿ ಲೈಟ್ ಜಾಸ್ತಿ ಮಾಡಿದ್ರ ಹವಳ ಸುಟ್ಟು ಹೋಗ್ತದ. ಖರೇ ಪಾರ್ ಮೀಟರ್ ಅಂದ್ರ ಎಪೊಜಿ ಎಂಕ್ಯೂ-510 ತರದ್ದು, ಅದರ ರೇಟಿಗಿ ಒಂದು ಸಣ್ಣ ಟ್ಯಾಂಕೇ ಆಗ್ತದ, ಅದಕ್ಕ ನಾಕು ಮಂದಿ ಕೂಡಿ ತರಿಸಿ ಸರದಿ ಮ್ಯಾಲ ಇಟ್ಕೊಳ್ಳೋದು ಒಳ್ಳೇದು, ಇಲ್ಲಾ ಹೈದರಾಬಾದಿನಾಗ ಪರಿಚಯದ ಹವ್ಯಾಸಿಗಳ ಹತ್ರ ಇದ್ರ ಒಂದು ದಿನಕ್ಕ ಕೇಳಿ ತರೋದು. ಒಮ್ಮೆ ಅಳೆದು ಟ್ಯಾಂಕಿನ ಯಾವ ಮೂಲಿಯಾಗ ಎಷ್ಟು ಅಂತ ಬರೆದಿಟ್ಟುಕೊಂಡ್ರ ವರ್ಷಗಟ್ಟಲೆ ಕೆಲಸಕ್ಕ ಬರ್ತದ.

ಈಗ ಶಾಖ. ರೀಫ್ ಟ್ಯಾಂಕ್, ಅಂದ್ರ ಹವಳದ ಟ್ಯಾಂಕ್, 24ರಿಂದ 27 ಡಿಗ್ರಿ ಒಳಗ ಇರ್ಬೇಕು, 28 ಆದ್ರೂ ಸ್ಥಿರ ಇದ್ರ ತಡ್ಕೊಂತಾವ. ಸಮುದ್ರದಾಗ ಅಲ್ಲಿನ ಬ್ಯಾಸಗಿ ಸರಾಸರಿಗಿಂತ ಬರೇ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತ್ರ ಹವಳ ಬಿಳಚ್ತಾವ. ಇದ್ರಾಗ ಮಂದಿ ಮರೆಯೋ ಮಾತು ಒಂದದ: ಬಿಳಚೋದು ಬರೇ ಬಿಸಿಯಿಂದ ಅಲ್ಲ, ಬಿಸಿ ಮತ್ತ ಬೆಳಕು ಎರಡೂ ಕೂಡಿ ಮಾಡೋ ಕೆಲಸ. ನೀರು ಕಾದಾಗ ಪಾಚಿಯ ಒಳಗ ಬೆಳಕು ಹಿಡಿಯೋ ವ್ಯವಸ್ಥಾ ಕೆಡ್ತದ, ಬರೋ ಬೆಳಕು ಬಳಸ್ಕೊಳ್ಳಿಕ್ಕ ಆಗದೇ ವಿಷಕಾರಿ ಆಕ್ಸಿಜನ್ ರೂಪಗಳು ಹುಟ್ತಾವ, ಹವಳ ತನ್ನ ಜೀವ ಉಳಿಸ್ಕೊಳ್ಳಿಕ್ಕ ಆ ಪಾಚಿನೇ ಹೊರಗ ಹಾಕ್ತದ. ಅಂದ್ರ ನಮ್ಮ ಬ್ಯಾಸಗ್ಯಾಗ ಉರಿ ಲೈಟ್ ಹಚ್ಚಿದ್ರ ಎರಡು ಕಡಿಯಿಂದ ಪೆಟ್ಟು, ನೀರೂ ಕಾಯ್ತದ, ಕಾದ ನೀರಾಗ ಬೆಳಕೂ ಜಾಸ್ತಿ ಬೀಳ್ತದ.

ಲೆಕ್ಕ ನೋಡ್ರಿ. 200 ಲೀಟರ್ ಟ್ಯಾಂಕಿಗಿ ಒಂದು ಯೂನಿಟ್ ಕರೆಂಟಿನಷ್ಟು ಶಾಖ ಪೂರ್ತಿ ಇಳಿದ್ರ ನೀರು ಹೆಚ್ಚುಕಮ್ಮಿ ನಾಲ್ಕೂವರೆ ಡಿಗ್ರಿ ಏರ್ತದ. 250 ವ್ಯಾಟಿನ ಒಂದು ಮೆಟಲ್ ಹ್ಯಾಲೈಡ್ ದಿನಕ್ಕ 8 ತಾಸು ಹಚ್ಚಿದ್ರ 2 ಯೂನಿಟ್, ಬಲ್ಬಿಗಿ ಕರೆಂಟ್ ಹದ ಮಾಡಿ ಕೊಡೋ ಬ್ಯಾಲಾಸ್ಟ್ ತಿನ್ನೋದು ಬ್ಯಾರೆ. ಪೂರ್ತಿ ಶಾಖ ನೀರಿಗಿ ಇಳಿಯೋದಿಲ್ಲ ಖರೇ, ಒಂದಷ್ಟು ಖೋಲಿಗಿ ಹೋಗ್ತದ, ಆದ್ರ ಹ್ಯಾಲೈಡ್ ಬಲ್ಬ್ ಕೆಳಮುಖ ಆಗಿ ಇನ್‌ಫ್ರಾರೆಡ್ ಸುರಿಸ್ತದ, ಅದು ಸೀದಾ ನೀರಿನ ಮ್ಯಾಲೇ ಬೀಳ್ತದ, ಮತ್ತ ಖೋಲಿಗಿ ಹೋದ ಶಾಖ ಕೂಡ ಮುಚ್ಚಿದ ಖೋಲ್ಯಾಗ ಎಲ್ಲಿ ಹೋಗ್ಬೇಕು, ತಿರುಗಿ ಟ್ಯಾಂಕಿಗೇ ಬರ್ತದ. 60 ವ್ಯಾಟ್ ಎಲ್‌ಇಡಿ ಅಷ್ಟೇ ಹೊತ್ತು ಹಚ್ಚಿದ್ರ ಅರ್ಧ ಯೂನಿಟ್ ಕೂಡ ಆಗೋದಿಲ್ಲ, ಅದರ ಬಿಸಿ ಮ್ಯಾಲಿನ ಅಲ್ಯೂಮಿನಿಯಂ ಹೀಟ್‌ಸಿಂಕ್ ಮತ್ತ ಸಣ್ಣ ಫ್ಯಾನಿನಿಂದ ಮ್ಯಾಲಕ್ಕೇ ಹೋಗ್ತದ.

ನೀರು ತಂಪು ಮಾಡೋದು ಹೆಂಗ? ಇಲ್ಲಿ ನಮ್ಮ ಊರಿಗಿ ಒಂದು ಅನುಕೂಲ ಅದ, ಹೊರಗಿನೋರು ಹೇಳೋದೇ ಇಲ್ಲ. ಮಂಗಳೂರು, ಮುಂಬೈಯಾಗ ಗಾಳಿನೇ ಹಸಿ ಇರ್ತದ, ಅಲ್ಲಿ ನೀರಿನ ಮ್ಯಾಲ ಫ್ಯಾನ್ ಬಿಟ್ರ ಅಷ್ಟೇನು ಇಳಿಯೋದಿಲ್ಲ. ಕಲಬುರಗಿ, ಯಾದಗಿರಿಯಾಗ ಮಾರ್ಚ್‌ದಿಂದ ಮೇ ತನಕ ಗಾಳಿ ಒಣ ಕಟ್ಟಿಗಿ ಇದ್ದಂಗ ಇರ್ತದ, ಅದಕ್ಕೇ ನಮ್ಮಲ್ಲಿ ಮನಿಮನಿಗಿ ಕೂಲರ್ ಇಷ್ಟು ಚೊಲೊ ಕೆಲಸ ಮಾಡ್ತದ. ಟ್ಯಾಂಕಿಗಿ ಕೂಡ ಅದೇ ವಿದ್ಯೆ, ಮುಚ್ಚಳ ತೆಗೆದು ಜಾಳಿಗಿ ಹಾಕಿ, ನೀರಿನ ಮೈ ಮ್ಯಾಲ ಅಡ್ಡಕ್ಕ ಒಂದು ಸಣ್ಣ ಡಿಸಿ ಫ್ಯಾನ್ ಬಿಟ್ರ ಮೂರ್ನಾಕು ಡಿಗ್ರಿ ಇಳೀತದ. ಒಂದು ಲೀಟರ್ ನೀರು ಆವಿ ಆಗ್ಬೇಕಾದ್ರ ಹತ್ತಿರಹತ್ತಿರ ಮುಕ್ಕಾಲು ಯೂನಿಟ್‌ಗಿಂತ ಸ್ವಲ್ಪ ಕಡಿಮಿ ಶಾಖ ಒಯ್ತದ. ಅಂದ್ರ ಹ್ಯಾಲೈಡಿನ ದಿನದ 2 ಯೂನಿಟ್ ಶಾಖ ಹೊರಗ ಹಾಕ್ಲಿಕ್ಕ ಹೆಚ್ಚುಕಡಿಮಿ 3 ಲೀಟರ್ ನೀರು ಆವಿ ಆಗ್ಬೇಕು, ಎಲ್‌ಇಡಿದಕ್ಕ ಮುಕ್ಕಾಲು ಲೀಟರ್ ಸಾಕು.

ಆವಿ ಆದ ಜಾಗಕ್ಕ ಬೋರ್ ನೀರು ಹಾಕ್ಲಿಕ್ಕ ಬರೋದಿಲ್ಲ. ಆವಿ ಆಗೋದು ಬರೇ ನೀರು, ಉಪ್ಪು ಟ್ಯಾಂಕಿನಾಗೇ ಉಳೀತದ, ಅದಕ್ಕ ತುಂಬೋ ನೀರು ಪೂರಾ ಶುದ್ಧ ಇರ್ಬೇಕು, ಆರ್‌ಓ ಆದ ಮ್ಯಾಲೂ ಡಿಐ ರೆಸಿನ್ (ಉಳಿದ ಲವಣನೂ ಹಿಡಿಯೋ ಫಿಲ್ಟರ್) ದಾಟಿ ಬಂದದ್ದು. ನಮ್ಮ ಬೋರ್ ನೀರು ಎಷ್ಟು ಗಡಸು ಅಂತ ನಿಮಗ ಗೊತ್ತೇ ಅದ, ಬಕೀಟಿನ ಅಂಚಿಗಿ ಬಿಳಿ ಪದರು ಕಟ್ಟೋದು ನೋಡೀರಿ. ಮನಿ ಆರ್‌ಓ ಒಂದು ಲೀಟರ್ ಚೊಲೊ ನೀರು ಕೊಡ್ಲಿಕ್ಕ ಮೂರು ಲೀಟರ್ ಹತ್ತಿರ ಹೊರಗ ಬಿಡ್ತದ. ಹ್ಯಾಲೈಡಿನ 3 ಲೀಟರ್ ಅಂದ್ರ ದಿನಕ್ಕ 12 ಲೀಟರ್ ಬೋರ್ ನೀರು, ಬರೇ ಒಂದು ಬಲ್ಬಿನ ಬಿಸಿ ತೆಗೀಲಿಕ್ಕ. ವಾರಕ್ಕ ಎರಡು ಸಲ ನಳ ಬರೋ ಬಡಾವಣ್ಯಾಗ, ಪಕ್ಕದ ಮನಿಯವರು ಟ್ಯಾಂಕರ್ ತರಿಸೋ ದಿನದಾಗ, ಇದು ನನಗ ಸಣ್ಣ ಮಾತು ಅನಸೋದಿಲ್ಲ. ಹೊರಬಿದ್ದ ನೀರು ನೆಲ ಒರಸ್ಲಿಕ್ಕ, ಕೂಲರಿಗಿ ಹಾಕ್ರಿ, ಆದ್ರೂ ಮೊದ್ಲೇ ಕಡಿಮಿ ಬೇಕಾಗೋ ಲೈಟ್ ಆರಿಸೋದು ಇನ್ನೂ ಚೊಲೊ.

ಕರೆಂಟ್ ಬಿಲ್ಲಿಗಿ ಬರೋಣ. ಗೃಹಜ್ಯೋತಿದಾಗ ಮನಿಯ ಹಳೇ ಸರಾಸರಿ ಮ್ಯಾಲ 10 ಪರ್ಸೆಂಟ್ ಸೇರಿಸಿ ಫ್ರೀ ಕೊಡ್ತಾರ, ಆ ಮಿತಿ ದಾಟಿದ್ರ ಹೆಚ್ಚಿನ ಯೂನಿಟಿಗಿ ರೊಕ್ಕ, 200 ದಾಟಿದ್ರ ಪೂರ್ತಿ ಬಿಲ್ಲೇ ಕಟ್ಬೇಕು. 250 ವ್ಯಾಟ್ ಹ್ಯಾಲೈಡ್ ತಿಂಗಳಿಗಿ 60 ಯೂನಿಟ್ ಮ್ಯಾಲ ಒಯ್ತದ. 24 ವ್ಯಾಟಿನ ನಾಕು ಟಿ5 ಟ್ಯೂಬ್ ಅಷ್ಟೇ ಹೊತ್ತು ಹಚ್ಚಿದ್ರ 25 ಹತ್ರ, 60 ವ್ಯಾಟ್ ಎಲ್‌ಇಡಿ 14, 15. ಮೊದ್ಲೇ 130, 140 ಯೂನಿಟ್ ಬಳಸೋ ಮನ್ಯಾಗ ಹ್ಯಾಲೈಡ್, ಅದರ ಮ್ಯಾಲ ಪಂಪು, ಬ್ಯಾಸಗ್ಯಾಗ ಕೂಲರ್, ಎಲ್ಲಾ ಕೂಡಿದ್ರ 200ರ ಗೆರಿ ದಾಟೋದು ಖಾತ್ರಿ. ಚಿಲ್ಲರ್ (ಫ್ರಿಜ್ಜಿನಂಗ ನೀರು ತಂಪು ಮಾಡೋ ಮಷೀನ್) ಹಾಕಿದ್ರ ಅದು ನೀರಿನ ಶಾಖ ತೆಗೆದು ಖೋಲ್ಯಾಗೇ ಬಿಡ್ತದ, ಜೊತಿಗಿ ತನ್ನ ಮೋಟಾರಿನ ಶಾಖನೂ ಸೇರಿಸ್ತದ, ಅದನ್ನ ಹೊರಗ ಬಾಲ್ಕನಿಯಾಗ ಇಡ್ಲಿಕ್ಕ ಪೈಪ್ ಎಳೀಬೇಕು. ಎಲ್‌ಇಡಿ ಮತ್ತ ಫ್ಯಾನ್ ಇದ್ರ ಸಣ್ಣ ಮೆತ್ತನ್ನ ಹವಳದ ಟ್ಯಾಂಕಿಗಿ ಬಹಳಷ್ಟು ದಿನ ಚಿಲ್ಲರ್ ಇಲ್ದೆನೇ ನಡೀತದ, ಮಳಿಗಾಲ ಹತ್ತಿರ ಬಂದು ಗಾಳಿ ಹಸಿ ಆಗೋ ಆ ಜೂನಿನ ಮೊದಲಿನ ವಾರಗಳಷ್ಟೇ ತ್ರಾಸ, ಆಗ ಫ್ಯಾನಿನ ಕೆಲಸ ಅರ್ಧಕ್ಕ ಇಳೀತದ, ಬಿಸಿ ಇನ್ನೂ ಇರ್ತದ.

ಹಂಗಂತ ಹ್ಯಾಲೈಡ್ ಕೆಟ್ಟ ಲೈಟ್ ಅಂತ ಹೇಳೋದು ಅನ್ಯಾಯ. ವರ್ಷಾನುಗಟ್ಟಲೆ ಜಗತ್ತಿನ ದೊಡ್ಡ ದೊಡ್ಡ ರೀಫ್ ಟ್ಯಾಂಕ್ ಬೆಳೆಸಿದ್ದು ಅದೇ, 10000, 14000, 20000 ಕೆಲ್ವಿನ್ (ಬೆಳಕಿನ ಬಣ್ಣದ ಅಳತಿ, ಹೆಚ್ಚಾದಷ್ಟು ನೀಲಿ) ಬಲ್ಬ್‌ಗಳ ಕೆಳಗ ಆಕ್ರೊಪೋರಾ ಬೆಳೆದಂಗ ಬ್ಯಾರೆ ಯಾವುದರ ಕೆಳಗೂ ಬೆಳೆಯೋದಿಲ್ಲ ಅನ್ನೋ ಹಳಬರು ಇವತ್ತಿಗೂ ಅದಾರ, ನೀರಿನ ತೆರಿ ಕೆಳಗಿನ ಮಳಲ ಮ್ಯಾಲ ಬಿಸಲಿನಂಗ ಆಡೋದು ನೋಡ್ಲಿಕ್ಕ ಖರೇನೇ ಮನಸ್ಸು ತುಂಬ್ತದ. ಆದ್ರ ಹೈದರಾಬಾದಿನಾಗ ಸೆಕೆಂಡ್‌ಹ್ಯಾಂಡ್ ಹ್ಯಾಲೈಡ್ ಸೆಟ್ ಕಡಿಮಿ ರೇಟಿಗಿ ಸಿಗ್ತದ ಅಂತ ತರೋರು ಇನ್ನೊಂದು ವಿಷಯ ಯೋಚ್ನೆ ಮಾಡ್ಬೇಕು. ಅದು ಒಮ್ಮೆ ಆರಿದ್ರ ಕೂಡ್ಲೇ ಹತ್ತೋದಿಲ್ಲ, ಒಳಗಿನ ಕೊಳವಿ ತಂಪಾಗೋ ತನಕ ಹತ್ತು-ಹದಿನೈದು ನಿಮಿಷ ಕಾಯ್ಬೇಕು. ನಮ್ಮ ಕಡಿ ಮಧ್ಯಾಹ್ನ ಕರೆಂಟ್ ಒಂದು ಸೆಕೆಂಡ್ ಹೋಗಿ ಬರ್ತದ, ಮನಿ ಬಲ್ಬೆಲ್ಲಾ ಹತ್ತಿರ್ತಾವ, ಹ್ಯಾಲೈಡ್ ಒಂದೇ ಕತ್ತಲ, ಆಮ್ಯಾಲ ಒಮ್ಮೆಲೇ ಉರೀತದ, ದಿನಕ್ಕ ನಾಕು ಸಲ ಹಿಂಗಾದ್ರ ಬಲ್ಬಿನ ಆಯುಷ್ಯನೂ ಹೋಗ್ತದ, ಹವಳಾನೂ ಮುದುರ್ತಾವ. ಬಲ್ಬ್ ವರ್ಷಕ್ಕೊಮ್ಮೆ ಬದಲಿ ಮಾಡ್ಬೇಕು, ಕಣ್ಣಿಗಿ ಹಂಗೇ ಕಂಡ್ರೂ ಅದರ ಬಣ್ಣ ಸರಿದಿರ್ತದ. ಎರಡು ತುದಿ ಇರೋ ಬಲ್ಬಿಗಿ ಮುಂದಿನ ಗಾಜು ಕಡ್ಡಾಯ, ಇಲ್ಲಾಂದ್ರ ಅಲ್ಟ್ರಾವಯಲೆಟ್ ಸೀದಾ ಹವಳಕ್ಕೂ ನಿಮ್ಮ ಕಣ್ಣಿಗೂ ಬೀಳ್ತದ.

ಟಿ5 ಟ್ಯೂಬಿನ ಗುಣಾನೇ ಬ್ಯಾರೆ. ಉದ್ದಕ್ಕ ಇರೋದ್ರಿಂದ ಬೆಳಕು ಎಲ್ಲಾ ಕಡಿಯಿಂದ ಬೀಳ್ತದ, ನೆರಳು ಕಡಿಮಿ, ಲೆದರ್ ಕೋರಲ್ ದೊಡ್ಡದಾಗಿ ಕೊಡಿ ಬಿಚ್ಚಿದ್ರೂ ಅದರ ಕೆಳಗಿಂದ ಝೋವಾಕ್ಕ ಬೆಳಕು ಸಿಗ್ತದ. ಸ್ವಲ್ಪ ವರ್ಷದ ಹಿಂದ ಯಾರರೇ ಕೇಳಿದ್ರ ಮೆತ್ತನ್ನ ಹವಳಕ್ಕ ನಾಕು ಟ್ಯೂಬಿನ ಟಿ5 ಅಂತ ಕಣ್ಮುಚ್ಚಿ ಹೇಳಬೋದಿತ್ತು. ಈಗ ಪರಿಸ್ಥಿತಿ ಬ್ಯಾರೆ ಆಗ್ಯದ, ಫ್ಲೋರೊಸೆಂಟ್ ಟ್ಯೂಬಿನ ಒಳಗ ಪಾದರಸ ಅದ. ಪಾದರಸದ ಬಳಕಿ ಕಡಿಮಿ ಮಾಡೋ ಮಿನಾಮಾಟಾ ಒಪ್ಪಂದದ ದೇಶಗಳು 2023ರ ನವೆಂಬರ್‌ದಾಗ ಜಿನೀವಾದಾಗ ಕೂಡಿ, ಸಾಮಾನ್ಯ ಬೆಳಕಿಗಿ ಬಳಸೋ ಉದ್ದ ಟ್ಯೂಬ್‌ಲೈಟ್ ತಯಾರಿಕಿ, ಆಮದು, ರಫ್ತು ಎಲ್ಲಾ 2027ರ ಒಳಗ ನಿಲ್ಲಿಸ್ಬೇಕು ಅಂತ ತೀರ್ಮಾನ ಮಾಡ್ಯಾವ, ಭಾರತ 2018ರಲ್ಲೇ ಆ ಒಪ್ಪಂದ ಅನುಮೋದಿಸ್ಯದ. ಯುರೋಪ್ ಅದಕ್ಕಿಂತ ಮುಂಚೆ, 2023ರ ಆಗಸ್ಟ್‌ದಾಗೇ, ಟಿ5, ಟಿ8 ಮಾರಾಟಕ್ಕ ತರೋದು ನಿಲ್ಲಿಸ್ತು. ಅಕ್ವೇರಿಯಂ ಟ್ಯೂಬ್ ವಿಶೇಷ ಬಳಕಿ ಅಂತ ಕಾಗದದ ಮ್ಯಾಲ ಉಳಿದ್ರೂ, ಮನಿ ಟ್ಯೂಬಿನ ದೊಡ್ಡ ಗಿರಾಕಿ ಹೋದ ಮ್ಯಾಲ ಸಣ್ಣ ಗಿರಾಕಿ ಸಲುವಾಗಿ ಫ್ಯಾಕ್ಟರಿ ಎಷ್ಟು ದಿನ ನಡೆಸ್ತಾರ? ವರ್ಷಕ್ಕೊಮ್ಮೆ ಬದಲಿ ಮಾಡ್ಲೇಬೇಕಾದ ಟ್ಯೂಬು, ಅದೂ ನಮ್ಮಂಥಾ ಊರಿಗಿ ಗಾಜಿನ ಕೊಳವಿ ಕೊರಿಯರ್‌ದಾಗ ಒಡೀದೇ ಬರೋದೇ ಅಪರೂಪ, ಇವತ್ತು ಹೊಸದಾಗಿ ಶುರು ಮಾಡೋರಿಗಿ ನಾನು ಟಿ5 ಹೇಳೋದಿಲ್ಲ. ಮೊದ್ಲಿಂದ ಇದ್ದವರು ಟ್ಯೂಬ್ ಸಿಗೋ ತನಕ ನಡೆಸ್ರಿ, ಚೊಲೋನೇ ಅದ.

ಇನ್ನೊಂದು ಗೊಂದಲ ನಮ್ಮ ಇಲೆಕ್ಟ್ರಿಕಲ್ ಅಂಗಡಿಯಾಗ ದಿನಾ ಆಗ್ತದ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನಾಗ ಹೋಗಿ ಟಿ5 ಕೊಡ್ರಿ ಅಂದ್ರ 20 ವ್ಯಾಟಿನ ಬಿಳಿ ಪ್ಲಾಸ್ಟಿಕ್ ಪಟ್ಟಿ ಕೊಡ್ತಾರ, ಅದು ಎಲ್‌ಇಡಿ ಬ್ಯಾಟನ್, ಹೆಸರಷ್ಟೇ ಟಿ5. ಅದ್ರಿಂದ ಹವಳ ಬೆಳೀತಾವಾ? ಬಿಳಿ ಎಲ್‌ಇಡಿ ಒಳಗ ನೀಲಿ ಚಿಪ್ಪಿನ ಮ್ಯಾಲ ಹಳದಿ ಪೌಡರ್ ಬಳಿದಿರ್ತಾರ, ಅದ್ರಾಗ 450 ನ್ಯಾನೊಮೀಟರ್ ಹತ್ರ ನೀಲಿ ಇದ್ದೇ ಇರ್ತದ, ಹಂಗಾಗಿ ಒಂದಡಿ ಆಳದ ಟ್ಯಾಂಕಿನ ಮ್ಯಾಲ ಎರಡು-ಮೂರು ಪಟ್ಟಿ ಹಾಕಿದ್ರ ಮಶ್ರೂಮ್ ಬದುಕ್ತಾವ, ಬಣ್ಣ ಸಪ್ಪಗ ಕಾಣ್ತದ, ಕಲ್ಲಿನ ಮ್ಯಾಲ ಬ್ಯಾಡದ ಪಾಚಿ ಬೇಗ ಹತ್ತಾವ. ಆದ್ರ ಅದು ಉಪ್ಪುನೀರಿನ ಮ್ಯಾಲ ನೇತುಹಾಕೋ ಸಾಮಾನಲ್ಲ. ಉಪ್ಪಿನ ತುಂತುರು ತುದಿಯ ಕ್ಯಾಪ್ ಒಳಗ ಹೊಕ್ಕು ಪಿನ್ ತಿಂದು ಹಾಕ್ತದ, ಕೈ ನೀರಾಗ ಇದ್ದಾಗ ಶಾಕ್ ಹೊಡೆಯೋ ಅಪಾಯ ಖರೇ ಅದ. ಯಾವ ಲೈಟ್ ಹಾಕಿದ್ರೂ ಟ್ಯಾಂಕಿನ ಲೈನಿಗಿ ಒಂದು ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡ್ಲೇ ಲೈನ್ ಕಟ್ ಮಾಡೋ ಸ್ವಿಚ್) ಹಾಕಿಸ್ರಿ, ಇದು ಹವಳಕ್ಕಲ್ಲ, ನಿಮ್ಮ ಜೀವಕ್ಕ.

ಹಂಗಾದ್ರ ಎಲ್‌ಇಡಿ. ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕ ಅಕಸಾಕಿ, ಅಮಾನೊ, ನಾಕಾಮುರಾ ಮೂವರಿಗಿ 2014ರಾಗ ಭೌತಶಾಸ್ತ್ರದ ನೊಬೆಲ್ ಬಂತು, ಹವಳ ಬೆಳೆಸೋರಿಗಿ ಅಂತೂ ಅವ್ರ ಋಣ ದೊಡ್ಡದು, ಯಾಕಂದ್ರ ನಮಗ ಬೇಕಾದ ನೀಲಿ ಬೆಳಕನ್ನೇ ಅತಿ ಕಡಿಮಿ ಕರೆಂಟಿನಾಗ ಕೊಡೋದು ಅದೇ ಚಿಪ್ಪು, ಒಳ್ಳೆ ರಾಯಲ್ ಬ್ಲೂ ಚಿಪ್ ತಗೊಂಡ ಕರೆಂಟಿನ ಅರ್ಧಕ್ಕಿಂತ ಹೆಚ್ಚು ಪಾಲು ಬೆಳಕಾಗೇ ಬಿಡ್ತದ. ಡಿಮ್ ಮಾಡ್ಲಿಕ್ಕ ಬರ್ತದ, ಮುಂಜಾನಿ ನಿಧಾನ ಏರಿಸಿ ಸಂಜಿಗಿ ನಿಧಾನ ಇಳಿಸ್ಲಿಕ್ಕ ಬರ್ತದ, ಇನ್ವರ್ಟರ್ ಮ್ಯಾಲ ತಕರಾರಿಲ್ಲದೆ ಓಡ್ತದ. ರೇಡಿಯಾನ್, ಹೈಡ್ರಾ, ಕೆಸಿಲ್ ಅಂತ ದುಬಾರಿ ಲೈಟ್ ಅವ, ಅವು ಹೆಚ್ಚಾಗಿ ಗಟ್ಟಿ ಹವಳದ ದೊಡ್ಡ ಟ್ಯಾಂಕಿಗಿ ಮಾಡಿದವು, ಎರಡು ಅಡಿ ಟ್ಯಾಂಕಿನ ಮಶ್ರೂಮ್‌ಗಿ ಅಷ್ಟು ರೊಕ್ಕ ಹಾಕೋ ಅಗತ್ಯ ನನಗ ಕಾಣೋದಿಲ್ಲ. ಡಿಮ್ಮರ್ ಇರೋ, ನೀಲಿ ಒಂದು ಚಾನೆಲ್, ಬಿಳಿ ಒಂದು ಚಾನೆಲ್ ಬ್ಯಾರೆ ಬ್ಯಾರೆ ಇರೋ ಸಾದಾ ಫಿಕ್ಸ್ಚರ್ ಸಾಕು, ಆದ್ರ ಡಿಮ್ಮರ್ ಇಲ್ಲದ್ದು ಮಾತ್ರ ತಗೋಬ್ಯಾಡ್ರಿ.

ಎಲ್‌ಇಡಿಯ ದೋಷನೂ ಅಷ್ಟೇ ಖರೇ. ಲೆನ್ಸ್ ಹಾಕಿದ್ದು ಒಂದೇ ಜಾಗಕ್ಕ ಬೆಳಕು ಸುರೀತದ, ನಟ್ಟನಡುವ 250 ಪಾರ್, ಮೂಲಿಯಾಗ 40. ಒಂದು ಬಿಂದುವಿನಿಂದ ಬರೋ ಬೆಳಕಾದ್ದರಿಂದ ನೆರಳು ಕತ್ತರಿಸಿದಂಗ ಬೀಳ್ತದ, ನೆರಳಿನಾಗ ಇರೋ ಝೋವಾ ಮೊಗ್ಗು ಮುಚ್ಚಿಕೊಂಡು ಸಣ್ಣಾಗ್ತಾವ. ಅದಕ್ಕ 100 ವ್ಯಾಟಿನ ಒಂದಕ್ಕಿಂತ 30 ವ್ಯಾಟಿನ ಎರಡು ಲೈಟ್, ಒಂದಡಿ ಮ್ಯಾಲ ಏರಿಸಿ ಕಟ್ಟೋದು ಎಲ್ಲಾ ರೀತಿಲೂ ವಾಸಿ. ಇನ್ನ ನಮ್ಮ ಧೂಳು. ಎಲ್‌ಇಡಿಯ ಕೆಳಗಿನ ಅಕ್ರಿಲಿಕ್ ಹಾಳೆ ಒಮ್ಮೆ ಬಿಚ್ಚಿ ಬೆಳಕಿಗಿ ಹಿಡಿದು ನೋಡ್ರಿ, ಉಪ್ಪಿನ ಸಣ್ಣ ಸಣ್ಣ ಬಿಳಿ ಚುಕ್ಕಿ, ಅದರ ಮ್ಯಾಲ ನಮ್ಮ ಕರಿ ಮಣ್ಣಿನ ಧೂಳು ಹತ್ತಿ ಒಂದು ಬೂದಿ ಬಣ್ಣದ ಪೊರಿ ಆಗಿರ್ತದ, ಬೆರಳು ಎಳೆದ್ರ ಗೆರಿ ಮೂಡ್ತದ. ಆ ಪೊರಿ ಬೆಳಕು ನುಂಗೋದು ಕಣ್ಣಿಗಿ ಗೊತ್ತಾಗೋದಿಲ್ಲ, ಹವಳಕ್ಕ ಗೊತ್ತಾಗ್ತದ. ಡಿಐ ನೀರಿನಾಗ ಮೆತ್ತನ್ನ ಬಟ್ಟಿ ಅದ್ದಿ ಒರಸ್ರಿ, ಒಣ ಬಟ್ಟಿಂದ ಒರಸಿದ್ರ ಉಪ್ಪಿನ ಹರಳು ಗೀರು ಬೀಳಿಸ್ತಾವ. ಹೀಟ್‌ಸಿಂಕಿನ ಫ್ಯಾನ್ ಕೂಡ ಧೂಳು ಕಟ್ಟಿ ನಿಲ್ತದ, ನಿಂತ್ರ ಚಿಪ್ ಸುಡ್ತಾವ, 50000 ತಾಸಿನ ಆಯುಷ್ಯ ಅನ್ನೋದು ಥಣ್ಣಗ ಇದ್ದ ಚಿಪ್ಪಿನ ಲೆಕ್ಕ.

ಬಿಸಲು ನಮ್ಮಲ್ಲಿ ಪುಕ್ಕಟೆ ಅದ, ಲೈಟೇ ಯಾಕ ಅಂತ ಕೇಳೋರೂ ಅದಾರ, ಪ್ರಶ್ನೆ ನ್ಯಾಯವಾಗೇ ಅದ. ಬೆಳಕಿನ ಗುಣದಾಗ ಬಿಸಲಿಗಿ ಸಮ ಯಾವ್ದೂ ಇಲ್ಲ, ಆದ್ರ ಅದರ ಶಕ್ತಿಯ ಅರ್ಧದಷ್ಟು ಇನ್‌ಫ್ರಾರೆಡ್, ಅದು ನೀರಿಗಿ ಸೀದಾ ಶಾಖ. ಪೂರ್ವದ ಕಿಡಕಿಯಾಗ ಚಳಿಗಾಲದ ಮುಂಜಾನಿ ಒಂದು ತಾಸು ಬಿಸಲು ಬಿದ್ರ ಹವಳಕ್ಕ ಛಲೋನೇ, ಪಶ್ಚಿಮದ ಕಿಡಕಿ ಮುಂದ ಮಾತ್ರ ಟ್ಯಾಂಕ್ ಇಡಲೇಬ್ಯಾಡ್ರಿ. ಮಾಳಿಗಿ ಮ್ಯಾಲಂತೂ ಮಾತೇ ಬ್ಯಾಡ.

ದುಡ್ಡು ಖರ್ಚಿಲ್ಲದ ಒಂದು ಉಪಾಯ ಅದ, ನನ್ನ ಪ್ರಕಾರ ಲೈಟಿನ ಬ್ರ್ಯಾಂಡಿಗಿಂತ ನಮ್ಮ ಊರಿಗಿ ಇದೇ ಮುಖ್ಯ. ಹವಳಕ್ಕ ಗಡಿಯಾರ ಗೊತ್ತಿಲ್ಲ, ದಿನಾ ಅದೇ ಹೊತ್ತಿಗಿ ಬೆಳಕು ಬಂದು ಅದೇ ಹೊತ್ತಿಗಿ ಹೋದ್ರ ಸಾಕು. ಎಲ್ಲಾರೂ ಮುಂಜಾನಿ ಹತ್ತರಿಂದ ಸಂಜಿ ಆರರ ತನಕ ಲೈಟ್ ಹಚ್ತಾರ, ಅಂದ್ರ ಖೋಲಿ ಕಾದ ಹೊತ್ತಿಗೇ ಲೈಟಿನ ಶಾಖನೂ ಸೇರ್ತದ. ಮಾರ್ಚ್ ಬಂದ ಕೂಡ್ಲೇ ದಿನಕ್ಕ ಹದಿನೈದು-ಇಪ್ಪತ್ತು ನಿಮಿಷ ಸರಿಸ್ತಾ ಟೈಮರ್ ರಾತ್ರಿ ಎಂಟರಿಂದ ಬೆಳಗಿನ ಜಾವ ನಾಕಕ್ಕ ತನ್ರಿ, ಇಲ್ಲಾ ನಸುಕಿನ ಮೂರರಿಂದ ಮುಂಜಾನಿ ಹನ್ನೊಂದಕ್ಕ. ಹಗಲಿನ ಖೋಲಿ ಬೆಳಕು ಮಬ್ಬಾಗಿ ಬಿದ್ರ ತ್ರಾಸಿಲ್ಲ. ಜೊತಿಗಿ ಬೆಳಕಿನ ತೀವ್ರತಾ ಐದ್ರಾಗ ಒಂದು ಪಾಲು ಇಳಿಸಿ ಹೊತ್ತು ಒಂದೆರಡು ತಾಸು ಹೆಚ್ಚಿಸ್ಬೋದು. 100 ಪಾರ್‌ದಾಗ 8 ತಾಸು ಅಂದ್ರ ದಿನಕ್ಕ ಸುಮಾರು 2.9 ಮೋಲ್ ಬೆಳಕು, 80 ಪಾರ್‌ದಾಗ 10 ತಾಸು ಅಂದ್ರೂ ಅಷ್ಟೇ. ಕಾದ ನೀರಾಗ ತೀವ್ರತಾ ಕಡಿಮಿ ಇದ್ದಷ್ಟು ಪಾಚಿಯ ಮ್ಯಾಲಿನ ಪೆಟ್ಟು ಕಡಿಮಿ.

ಕರೆಂಟ್ ಹೋದಾಗ ಇನ್ವರ್ಟರಿಗಿ ಮೊದ್ಲು ಹಾಕೋದು ಲೈಟಲ್ಲ, ನೀರು ತಿರುಗಿಸೋ ಪಂಪು ಮತ್ತ ಫ್ಯಾನ್. ಎರಡು ದಿನ ಕತ್ತಲಾಗ ಇದ್ರೂ ಹವಳಕ್ಕೇನೂ ಆಗೋದಿಲ್ಲ, ಬಿಸಿ ನೀರಾಗ ಆಕ್ಸಿಜನ್ ಮೊದ್ಲೇ ಕಡಿಮಿ ಇರ್ತದ, ಪಂಪು ನಿಂತು ಕೆಲವು ತಾಸಾದ್ರ ಮೀನು, ಹವಳ ಎರಡೂ ಹೋಗ್ತಾವ.

ಮೀಟರ್ ಇಲ್ಲದವರು ಹವಳನ್ನೇ ಓದ್ಬೇಕು. ಹೊಸ ಎಲ್‌ಇಡಿ 30 ಪರ್ಸೆಂಟಿಗಿ ಇಟ್ಟು ವಾರಕ್ಕ 5 ಪರ್ಸೆಂಟ್ ಏರಿಸ್ತಾ ನೋಡ್ರಿ. ಬೆಳಕು ಸಾಲದಿದ್ರ ಝೋವಾದ ದೇಟು ಉದ್ದಾಗಿ ಮ್ಯಾಲಕ್ಕ ಚಾಚ್ತಾವ, ಬಣ್ಣ ಕಂದು ಆಗ್ತದ, ಕಡಿಮಿ ಬೆಳಕು ಹಿಡಿಲಿಕ್ಕ ಒಳಗಿನ ಪಾಚಿಯ ಬಣ್ಣದ್ರವ್ಯ ಹೆಚ್ಚಾಗೋದ್ರಿಂದ ಹಂಗ. ಜಾಸ್ತಿ ಆದ್ರ ಮಶ್ರೂಮಿನ ಅಂಚು ಒಳಕ್ಕ ಮಡಚಿ, ಚಪ್ಪಟೆ ಇದ್ದದ್ದು ಬಟ್ಟಲಾಗಿ, ಎರಡು-ಮೂರು ದಿನದಾಗ ಕಲ್ಲಿಗಿ ಅಂಟಿಕೊಂಡ ಸಣ್ಣ ಗಂಟಾಗ್ತದ, ಬಣ್ಣ ತೆಳುವಾಗ್ತದ. ಆಗ ಲೈಟ್ ಇಳಸ್ರಿ, ಹವಳ ಎತ್ತಿ ಜಾಗ ಬದಲಿ ಮಾಡ್ಲಿಕ್ಕ ಹೋಗ್ಬ್ಯಾಡ್ರಿ. ಲೆದರ್ ಕೋರಲ್ ಮಾತ್ರ ಆಗಾಗ ಮೇಣದಂಥಾ ಪೊರಿ ಕಟ್ಟಿ ಒಂದು ವಾರ ಮುಚ್ಚಿಕೊಂಡು ಕೂಡ್ತದ, ಅದು ಲೈಟಿನ ದೋಷ ಅಲ್ಲ, ಪೊರಿ ಬಿಟ್ಟ ಮ್ಯಾಲ ಮತ್ತ ಬಿಚ್ಚಿಕೊಂತದ. ಝೋವಾ ಮುಟ್ಟೋವಾಗ ಕೈಗವಸು, ಕಣ್ಣಿಗಿ ಚಷ್ಮಾ ಇರ್ಲಿ, ಕೆಲವು ಜಾತ್ಯಾಗ ಪಾಲಿಟಾಕ್ಸಿನ್ ಅನ್ನೋ ಭಾಳ ಕೆಟ್ಟ ವಿಷ ಇರ್ತದ, ಅವು ಹತ್ತಿದ ಕಲ್ಲನ್ನ ಎಂದೂ ಬಿಸಿನೀರಾಗ ಕುದಿಸಬ್ಯಾಡ್ರಿ.

ಟಿ5 ಬಿಟ್ಟು ಎಲ್‌ಇಡಿಗಿ ಬರೋರ ಮನ್ಯಾಗ ಹಳೇ ಟ್ಯೂಬು ಉಳೀತಾವ. ಅವನ್ನ ಮುಂಜಾನಿ ಬರೋ ಕಸದ ಗಾಡಿಗಿ ಹಾಕಬ್ಯಾಡ್ರಿ, ಗಾಡಿಯಾಗ ಒಡೆದ್ರ ಪಾದರಸದ ಆವಿ ಕುಡಿಯೋರು ಆ ಕಸ ಎತ್ತೋ ಕಾರ್ಮಿಕರು. 2022ರ ಇ-ತ್ಯಾಜ್ಯ ನಿಯಮದಾಗ ಪಾದರಸದ ದೀಪಗಳೂ ಸೇರ್ಯಾವ, ನೋಂದಣಿ ಇರೋ ಇ-ತ್ಯಾಜ್ಯ ಸಂಗ್ರಹದೋರಿಗೇ ಕೊಡ್ಬೇಕು, ಅಲ್ಲಿ ತನಕ ಹಳೇ ರಟ್ಟಿನ ಡಬ್ಬಿಯಾಗ ಸುತ್ತಿ ಮಕ್ಕಳ ಕೈಗಿ ಸಿಗದ ಕಡಿ ಇಡ್ರಿ. ಮನ್ಯಾಗೇ ಒಡೆದ್ರ ಕಿಡಕಿ ತೆಗೆದು ಎಲ್ಲಾರೂ ಹದಿನೈದು ನಿಮಿಷ ಹೊರಗ ಹೋಗ್ರಿ, ಆಮ್ಯಾಲ ರಟ್ಟಿನ ತುಂಡಿನಿಂದ ಚೂರು ಬಳಿದು, ಒದ್ದಿ ಕಾಗದದಿಂದ ಒರಸಿ, ಮುಚ್ಚಳ ಇರೋ ಡಬ್ಬಿಯಾಗ ಹಾಕ್ರಿ, ಕಸಬರಗಿಯಿಂದ ಗುಡಿಸಬ್ಯಾಡ್ರಿ, ವ್ಯಾಕ್ಯೂಮ್ ಅಂತೂ ಹಚ್ಚಲೇಬ್ಯಾಡ್ರಿ.